ಉಳಿಸಿದ ಕರೆಂಟು

೨೦೦೯ರ ಮಾತು. ಸಂಜೆಯಾದರೆ ಜಾವಗಲ್ಲಿನ ಆ ಬೀದಿಯ ಬಲ್ಬುಗಳೆಲ್ಲ ಮಂಕಾಗುತ್ತಿದ್ದವು. ಬೀದಿಯವರ ಪ್ರಕಾರ ತಪ್ಪೆಲ್ಲ ಮಧುಕುಮಾರನ ಗೇಮ್ ಸೆಂಟರಿನ ಆರು ಕಂಪ್ಯೂಟರುಗಳದು.

"ಇವತ್ತೂ ಹಿಂಗೇ ಆದ್ರೆ ನಾಳೆ ಅಂಗಡಿ ಖಾಲಿ ಮಾಡಪ್ಪ," ಎಂದು ಕಟ್ಟಡದ ಯಜಮಾನ ಉಗ್ರಪ್ಪ ಬೆಳ್ಳಂಬೆಳಗ್ಗೆ ಬಾಗಿಲಲ್ಲೇ ನಿಂತು ಹೇಳಿದರು. "ಸಂಜೆಗೆ ಕರೆಂಟ್ ಆಫೀಸಿನ ಇಂಜಿನಿಯರ್ರು ಬತ್ತಾರೆ, ಹೋದ ವಾರದಂಗೇ ಇನ್ನೊಂದ್ಸಲ ಅಳತೆ ಮಾಡ್ಲಿ."

"ನಮ್ಮನೆ ಮಿಕ್ಸಿ ತಿರುಗಾಕಿಲ್ಲ ಕಣ್ರೀ, ನರಳ್ತೈತೆ," ಎಂದು ಪಕ್ಕದ ಮನೆಯ ರಂಗಮ್ಮ ಒಗ್ಗರಣೆ ಹಾಕಿದರು.

ಮಧುಕುಮಾರ ಕೈಕಟ್ಟಿ ಕೂರುವ ಆಸಾಮಿಯಲ್ಲ. ಕರೆಂಟು ನುಂಗುವುದು ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು; ಅದಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ವೋಲ್ಟೇಜ್ ಕೊಟ್ಟಿರುತ್ತಾರೆ ಎಂದು ಎಲ್ಲೋ ಓದಿದ್ದ. ಇಳಿಸಿದರಾಯಿತು! ಸಾಫ್ಟ್‌ವೇರಿನಲ್ಲಿ ಚೂರು ಚೂರೇ ಇಳಿಸುತ್ತಾ ಹೋದ. ಪರದೆ ತುಂಬ ಪಟ್ಟೆ ಮೂಡಿದಾಗ ಒಂಚೂರು ಏರಿಸಿದ. ಗೆದ್ದೆ ಎನ್ನುವಷ್ಟರಲ್ಲಿ ಕರೆಂಟು ಹೋಗಿ ಬಂತು, ಎಲ್ಲ ಮೊದಲಿನಂತೆಯೇ ಆಯಿತು.

ಹಾಗಾದರೆ ಕಾರ್ಡಿನ ಹೊಟ್ಟೆಯೊಳಗೇ ಬರೆದುಬಿಡೋಣ ಎಂದು ಅದರ ಬಯಾಸನ್ನೇ, ಅಂದರೆ ಕರೆಂಟು ಹೋದರೂ ಅಳಿಯದ ಒಳಗಿನ ಆದೇಶಗಳನ್ನೇ, ತಿದ್ದಿದ. ಐದು ಕಾರ್ಡು ಒಪ್ಪಿದವು. ಆರನೆಯದು ಹಟಮಾರಿ, ಜಪ್ಪಯ್ಯ ಎಂದರೂ ಇಳಿಯಲಿಲ್ಲ. ಅದನ್ನು ಬಿಚ್ಚಿ, ಸಾಸಿವೆಯಷ್ಟು ಸಣ್ಣ ರೆಸಿಸ್ಟರಿನ ಮೇಲೆ ಪೆನ್ಸಿಲ್ ತಿಕ್ಕತೊಡಗಿದ; ಪೆನ್ಸಿಲ್ಲಿನ ಕಪ್ಪು ಮೆತ್ತಿದರೆ ಅದರ ತಡೆ ತಗ್ಗಿ ಕಾರ್ಡಿನ ವೋಲ್ಟೇಜೂ ಇಳಿಯುತ್ತದೆಂದು ಓದಿದ್ದ.

"ಏನಪ್ಪಾ ಮಧು, ಕಂಪ್ಯೂಟ್ರಿಗೆ ಕಾಡಿಗೆ ಹಚ್ತಾ ಇದ್ದೀಯಾ?" ಕಿಟಕಿಯಲ್ಲಿ ಇಣುಕಿದ ರಂಗಮ್ಮ ಕೇಳಿದರು.

"ದೃಷ್ಟಿ ಆಗ್ಬಾರ್ದಲ್ಲ ರಂಗಮ್ಮೋರೆ!"

ಸಂಜೆ ಆರೂ ಕಂಪ್ಯೂಟರುಗಳಲ್ಲಿ ಗೇಮು ಭರ್ಜರಿಯಾಗಿ ನಡೆಯುತ್ತಿತ್ತು. ಬೀದಿಯ ಬಲ್ಬುಗಳು ಫಳಫಳ ಉರಿಯುತ್ತಿದ್ದವು, ರಂಗಮ್ಮನ ಮಿಕ್ಸಿ ಗಿರ್ರೆನ್ನುತ್ತಿತ್ತು. ಇಂಜಿನಿಯರು ಲೈನಿಗೆ ಮೀಟರು ಹಿಡಿದು ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಭೇಷ್ ಕಣ್ರೀ! ಹೋದ ವಾರಕ್ಕಿಂತ ಒಂದು ಎಚ್‌ಪಿ ಮೋಟ್ರು ಓಡೋವಷ್ಟು ಉಳಿಸಿಬಿಟ್ಟಿದ್ದೀರಲ್ಲ!"

ಮಧುಕುಮಾರನ ಎದೆ ಉಬ್ಬಿತು. ಜಾವಗಲ್ಲೇಕೆ, ಇಡೀ ಅರಸೀಕೆರೆ ತಾಲ್ಲೂಕಿನಲ್ಲೇ ಇಂಥ ಕೆಲಸ ಮಾಡಿದವನು ತಾನೊಬ್ಬನೇ ಎಂದು ಹೆಮ್ಮೆಯಾಯಿತು.

ಉಗ್ರಪ್ಪನವರಂತೂ ಓಡಿಬಂದು ಎರಡೂ ಕೈ ಹಿಡಿದುಕೊಂಡರು. "ನನ್ನ ಪಾಲಿನ ದೇವ್ರು ಕಣಯ್ಯ ನೀನು! ಲೈನಿನ ಮ್ಯಾಲೆ ಲೋಡ್ ಜಾಸ್ತಿ ಅಂತ ನನ್ನ ಖಾರದಪುಡಿ ಮಷೀನಿಗೆ ವರ್ಷದಿಂದ ಕನೆಕ್ಷನ್ನೇ ಕೊಟ್ಟಿರ್ಲಿಲ್ಲ. ಈಗ ಸಾಹೇಬ್ರು ಒಂದು ಎಚ್‌ಪಿ ಮಂಜೂರು ಮಾಡ್ತೀನಿ ಅಂದವ್ರೆ!"

"ನನ್ನಿಂದ ಇಷ್ಟಾದ್ರೂ ಆಯ್ತಲ್ಲ ಯಜಮಾನ್ರೇ," ಎಂದು ಮಧುಕುಮಾರ ಬೀಗಿದ. "ಮಷೀನು ಎಲ್ಲಿ ಇಡ್ತೀರಾ?"

"ಎಲ್ಲಿ ಅಂದ್ರೆ? ನೀನು ಜಾಗ ಬಿಟ್ಟ ಮ್ಯಾಲೆ, ಇಲ್ಲೇ!"