ಹಾಲುಹಲ್ಲಿನ ಲ್ಯಾಪ್‌ಟಾಪ್

ಹುಣಸಿಬಾವಿ ಲಿಂಬೆ ಬೆಳೆಗಾರರ ಸಂಘದಲ್ಲಿ ಪರೀಕ್ಷೆಯಾಗದ ಯಾವ ಸ್ವತ್ತನ್ನೂ ಕೆಲಸಕ್ಕೆ ಹೂಡುವಂತಿಲ್ಲ. ಇಡೀ ಇಂಡಿ ತಾಲೂಕಿನಲ್ಲಿ ಇಷ್ಟು ಕಟ್ಟುನಿಟ್ಟಿನ ಸಂಘ ಇನ್ನೊಂದಿಲ್ಲ. ಅಮೆರಿಕದಲ್ಲಿ ಇದ್ದರೂ ಇರಬಹುದು, ಆದರೆ ಅವರು ನಮಗೆ ಪತ್ರ ಬರೆದಿಲ್ಲ.

ಪರೀಕ್ಷೆಗೆ ಇರುವ ನಮೂನೆ ಒಂದೇ. ಹಿಂದೆ ಬಂಡಿಗೆ ಎತ್ತು ಕೊಳ್ಳುವಾಗ ಐದು ಸಾವಿರ ಪ್ರತಿ ಅಚ್ಚಾಗಿದ್ದವು. ಅವು ತೀರುವ ತನಕ ಬೇರೆ ನಮೂನೆ ಅಚ್ಚು ಹಾಕಿಸಕೂಡದೆಂದು ಠರಾವಾಗಿದೆ. ಕಚೇರಿಯ ಎರಡೂ ಫ್ಯಾನುಗಳು ಅದರಲ್ಲೇ ಪಾಸಾದವು. ಎಡಗಡೆಯದಕ್ಕೆ ‘ತುಸು ಕುಂಟು’ ಎಂಬ ಷರಾ ಇದೆ.

ಗುಮಾಸ್ತೆ ಜಯಮಾಲಾ ಹಳೆಯ ಕಂಪ್ಯೂಟರಿನ ಅಂಗೈಯಗಲದ ಪರದೆಗೆ ಮೂಗು ಹಚ್ಚಿ ಬೆಳೆಗಾರರ ಹೆಸರು ಹುಡುಕಿ ಹುಡುಕಿ ಕಣ್ಣು ಕೆಡಿಸಿಕೊಂಡಿದ್ದಳು. ಕೊನೆಗೆ ಹದಿನೆಂಟು ಇಂಚಿನ ಲ್ಯಾಪ್‌ಟಾಪ್ ಬಂತು. ಪಾಸಾಗದಿದ್ದರೆ ಏಳು ದಿನದೊಳಗೆ ಅಂಗಡಿಗೆ ವಾಪಸ್.

ಪರೀಕ್ಷಕರು ಮಾಳಿಂಗ ಕಾಕಾ. ಅರವತ್ತು ಜೋಡಿ ಎತ್ತು ಆರಿಸಿದ ಕಣ್ಣು ಅವರದು.

“ಹಲ್ಲು ಎಷ್ಟವ್ವಾ?”

ಜಯಮಾಲಾ ಕೀಲಿಗಳನ್ನು ಎಣಿಸಿದಳು. “ನೂರಾ ಎರಡ್ರೀ ಕಾಕಾ.”

“ಎತ್ತಿಗೆ ಎಂಟು ಹಲ್ಲಿಗೇ ಬಾಯಿ ಕೂಡ್ತೈತಿ. ಇದು ಪೂರಾ ಮುದುಕ! ವಾಪಸ್ ಕಳಸು.”

ಜಯಮಾಲಾ ಯಂತ್ರವನ್ನು ತನ್ನತ್ತ ಎಳೆದುಕೊಂಡಳು. “ಎಲ್ಲಾ ಹಾಲುಹಲ್ಲ್ರೀ. ಒಂದೂ ಇನ್ನಾ ಬಿದ್ದಿಲ್ಲ.”

ಕಾಕಾ ಒಂದೊಂದನ್ನೇ ಅಲುಗಾಡಿಸಿ ನೋಡಿ ಒಪ್ಪಿದರು. “ಕೋಡಿಲೆ ಹಾಯ್ತೈತೇನು?”

“ಇಲ್ರೀ. ದುಡಿದ್ರ ಮೈ ಬಿಸಿ ಆಗ್ತೈತಿ.”

“ಆಗಬೇಕs. ಮೈ ತಣ್ಣಗಿದ್ರ ಮೈಗಳ್ಳ. ಎಲ್ಲಿ, ನಡಸಿ ತೋರಸು.”

ಮೂರೂವರೆ ಕಿಲೋ ಯಂತ್ರವನ್ನು ಎತ್ತಿಕೊಂಡು ಜಯಮಾಲಾ ಅಂಗಳದಲ್ಲಿ ಎರಡು ಸುತ್ತು ಹಾಕಿದಳು. ‘ನಡಿಗೆ ಉತ್ತಮ, ಏದುಸಿರು ಇದೆ’ ಎಂದು ಬರೆದು ಕಾಕಾ ಪಾಸು ಮಾಡಿದರು.

ಮುಂದಿನ ಸೋಮವಾರ ಜಿಲ್ಲೆಯಿಂದ ತಪಾಸಣಾಧಿಕಾರಿ ಧರ್ಮರಾಜ ಬಂದರು. ಲ್ಯಾಪ್‌ಟಾಪ್ ಕುಂಕುಮ ಹಚ್ಚಿಕೊಂಡು ಮುಚ್ಚಿಕೊಂಡಿತ್ತು. ಫ್ಯಾನುಗಳೂ ನಿಂತಿದ್ದವು. ಸಾಹೇಬರು ಬೆವೆತರು.

“ಏನ್ರೀ ಇದು? ಕೆಲಸ ಮಾಡದ ಯಂತ್ರ ಯಾಕ? ಇವತ್ತs ವಾಪಸ್ ಮಾಡ್ರಿ!”

ಜಯಮಾಲಾ ನಮೂನೆಯ ಬೆನ್ನು ತೋರಿಸಿದಳು: ‘ಸೋಮವಾರ ಹೂಡತಕ್ಕದ್ದಲ್ಲ.’

ತನ್ನ ಲಿಂಬೆ ಲೆಕ್ಕದ ಉತಾರಕ್ಕಾಗಿ ಪಾಳಿ ಹಚ್ಚಿದ್ದ ಯಲ್ಲವ್ವ ಮುದುಕಿ ಗಲ್ಲ ಬಡಿದುಕೊಂಡಳು. “ಬಸವಣ್ಣನ ವಾರ ಯಾರರೆ ಹೂಡ್ತಾರೇನೋ ಯಪ್ಪಾ? ನಾನs ನಾಳೆ ಬರ್ತೇನಿ.”

ಸಾಹೇಬರ ಮುಖ ಸಣ್ಣದಾಯಿತು. ಬೂಟು ಕಳಚಿ ಲ್ಯಾಪ್‌ಟಾಪಿಗೆ ಕೈಮುಗಿದರು. ಆದರೆ ಬಂದವರು ಒಂದಾದರೂ ಆಕ್ಷೇಪಣೆ ಬರೆಯದೆ ಹೋಗುವಂತಿಲ್ಲವಲ್ಲ. ನಮೂನೆಯನ್ನು ಮತ್ತೆ ಓದಿ ಬರೆದರು: ‘ಒಂಟಿ ಎತ್ತನ್ನು ದುಡಿಸುತ್ತಿರುವುದು ಗಂಭೀರ ಲೋಪ. ಅದೇ ಎತ್ತರದ, ಅದೇ ಬಣ್ಣದ ಜೋಡಿಯನ್ನು ಕೂಡಲೇ ತರತಕ್ಕದ್ದು.’

ಈಗ ಜಯಮಾಲಾಳ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪುಗಳಿವೆ. ಎಡಗೈ ಎಡದ್ದರ ಮೇಲೆ, ಬಲಗೈ ಬಲದ್ದರ ಮೇಲೆ. ಕಣ್ಣುನೋವು ಪೂರ್ತಿ ಹೋಗಿದೆ, ಕುತ್ತಿಗೆನೋವು ಹೊಸದು. ಮೊನ್ನೆ ಮಂಗಳವಾರ ಮತ್ತೊಂದು ಉತಾರ ಒಯ್ಯಲು ಬಂದ ಯಲ್ಲವ್ವ ಎರಡಕ್ಕೂ ದೃಷ್ಟಿ ತೆಗೆದು ಹೇಳಿದಳು:

“ಜೋಡಿ ಭಾಳ ಛಲೋ ಕೂಡೈತಿ ಬಿಡವ್ವಾ. ಎಡಗಡೀದು ಸ್ವಲ್ಪ ಜಗ್ಗತೈತಿ. ಪಳಗ್ತೈತಿ ತಗೋ.”