ಅತ್ತೆಯ ಬಾಯಿ, ನನ್ನ ಕೈ

ಯಲಬುರ್ಗಾದಲ್ಲಿ ಆಗ ಕಾಗದಕ್ಕೆ ವೈರಿಗಳು ಎರಡೇ. ಒಂದು ಅಗಸರ ಕತ್ತೆ, ಇನ್ನೊಂದು ನಮ್ಮ ಸೋದರತ್ತೆ. ಕತ್ತೆಯಾದರೂ ಹೊಟ್ಟೆ ತುಂಬಿದ ಮೇಲೆ ಬಿಟ್ಟು ಹೋಗುತ್ತಿತ್ತು. ನಮ್ಮತ್ತೆಗೆ ಹೊಟ್ಟೆ ತುಂಬಿದ್ದನ್ನು ನಾನಂತೂ ಕಾಣೆ!

ಕತ್ತೆ ತಿನ್ನುತ್ತಿತ್ತು, ಅತ್ತೆ ಕತ್ತರಿಸುತ್ತಿದ್ದಳು. ಇಷ್ಟೇ ವ್ಯತ್ಯಾಸ. ಬೆಂಕಿಪೆಟ್ಟಿಗೆಯ ಚಿತ್ರ, ಊದಿನಕಡ್ಡಿಯ ಸುರುಳಿ, ಹಳೆಯ ಲಗ್ನಪತ್ರಿಕೆ, ಹರಿದ ಪಂಚಾಂಗ, ಯಾವುದೂ ಅವಳ ಕೈಗೆ ಸಿಕ್ಕ ಮೇಲೆ ಅದೇ ಆಗಿ ಉಳಿಯುತ್ತಿರಲಿಲ್ಲ. ಗಿಣಿಯಾಗುತ್ತಿತ್ತು, ಕಮಲವಾಗುತ್ತಿತ್ತು, ಸೊಂಡಿಲೆತ್ತಿದ ಆನೆಯಾಗುತ್ತಿತ್ತು. ಒಮ್ಮೆ ಚಾವಡಿಯ ಬಾಗಿಲಿಗೆ ಹಚ್ಚಿದ್ದ ಸರ್ಕಾರದ ಉರ್ದು ಇಸ್ತಿಹಾರು ಗಾಳಿಗೆ ಕಿತ್ತುಕೊಂಡು ನಮ್ಮ ಅಂಗಳಕ್ಕೆ ಬಂದು ಬಿತ್ತು. ಅದರ ಹಿಂದೆಯೇ ಜವಾನ ಬಂದ.

"ಅವ್ವಾ, ಸರ್ಕಾರದ ಹುಕುಂ ಏನರ ಇತ್ತಾಗ ಬಂತೇನು?"

"ಬಂದಿತ್ತಪ್ಪಾ. ಅಲ್ಲಿ ನಿಂತೈತಿ ನೋಡು" ಎಂದು ಅತ್ತೆ ಗೋಡೆಯ ಮಾಡವನ್ನು ತೋರಿಸಿದಳು. ಅಲ್ಲಿ ಮೈತುಂಬ ಉರ್ದು ಅಕ್ಷರ ಹೊತ್ತ ಕುದುರೆಯೊಂದು ಕಾಲೆತ್ತಿ ನಿಂತಿತ್ತು. ಜವಾನ ಬಹಳ ಹೊತ್ತು ನೋಡಿದ. ಕೊನೆಗೆ, "ಕಿವಿ ಛಲೋ ಬಂದಾವ" ಎಂದವನೇ ಹೊರಟುಹೋದ. ಸರ್ಕಾರವೇ ಹೀಗೆ ಸೋತ ಮೇಲೆ ನನ್ನಂಥವನ ಗತಿಯೇನು?

ನನ್ನ ಗತಿಯನ್ನೂ ಹೇಳಬೇಕು. ನಾನು ಮೂರನೆಯ ಇಯತ್ತೆಗೆ ಸಾಲೆಗೆ ಶರಣು ಹೊಡೆದವನು. ಆರು ವರ್ಷದವನಿದ್ದಾಗ ತಂಗಿಯನ್ನು ಹಡೆದು ಅವ್ವ ತೀರಿಕೊಂಡಳು, ಹತ್ತಕ್ಕೆ ಅಪ್ಪನೂ ಹೋದ. ಅಪ್ಪನ ಎರಡು ಬಂಡಿ, ನಾಲ್ಕು ಎತ್ತು ನನ್ನ ಪಾಲಿಗೆ ಬಂದವು. ಹತ್ತಿಯ ಅಂಡಿಗೆ ಹೇರಿಕೊಂಡು ಕೊಪ್ಪಳದ ಸ್ಟೇಷನ್ನಿಗೆ ಹೊಡೆದುಕೊಂಡು ಹೋಗುವುದು, ಬರುವುದು. ಯಾರ ಹಂಗಿನ ತುತ್ತನ್ನೂ ತಿಂದವನಲ್ಲ, ನಾನು ಮಾಡದ ಕೆಲಸಕ್ಕೆ ಯಾರಿಂದಲೂ ಶಹಬ್ಬಾಸ್ ಅನ್ನಿಸಿಕೊಂಡವನೂ ಅಲ್ಲ. ಈ ಮಾತು ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ನಮ್ಮಿಬ್ಬರನ್ನೂ ಸಾಕಿದವಳು ಈ ಅತ್ತೆಯೇ. ಗಂಡನ ಮನೆಗೆ ಹೋಗುವ ವಯಸ್ಸಾಗುವ ಮೊದಲೇ ಗಂಡ ಸತ್ತದ್ದರಿಂದ ತವರಿನಲ್ಲೇ ಉಳಿದವಳು. ಅವಳ ಸಂಸಾರವೆಂದರೆ ನಾವಿಬ್ಬರು, ಒಂದು ಕತ್ತರಿ, ಕಾಗದ ತುಂಬಿದ ಒಂದು ಟ್ರಂಕು.

ಅಂಗಡಿಗೆ ಹೋದರೆ ಅವಳು ಸಾಮಾನು ನೋಡುತ್ತಿರಲಿಲ್ಲ, ಕಟ್ಟುವ ಕಾಗದ ನೋಡುತ್ತಿದ್ದಳು.

"ಅವ್ವಾ, ನೀ ಬೆಲ್ಲಕ್ಕ ಬಂದಿಯೋ, ಕಾಗದಕ್ಕ ಬಂದಿಯೋ?" ಎಂದು ಅಂಗಡಿಯ ಸಾಹುಕಾರ ಒಮ್ಮೆ ರೇಗಿದ.

"ಕಾಗದಕ್ಕ ಬಂದೀನಿ. ಬೆಲ್ಲ ಮ್ಯಾಲ ಇಟ್ಟು ಕೊಡು."

ಕಾಗದ ಇಷ್ಟಾದರೆ ಬಣ್ಣದ ಕಥೆ ಬೇರೆ. ಅರಿಸಿನ, ಕುಂಕುಮ, ದೀಪದ ಕಾಡಿಗೆ, ಮುತ್ತುಗದ ಹೂವು, ಅವರೆ ಎಲೆಯ ರಸ, ಬಸಳೆ ಹಣ್ಣು. ಎಲ್ಲವನ್ನೂ ಅರೆದು, ನೀರಿಗೆ ಕದಡಿ, ಜಾಲಿ ಗಿಡದ ಅಂಟು ಸೇರಿಸಿ ಚೊಂಬು, ಬಟ್ಟಲು, ಪಣತಿಗಳಲ್ಲಿ ಸಾಲಾಗಿ ಇಡುತ್ತಿದ್ದಳು. ಅಡುಗೆಮನೆಯಲ್ಲಿ ಯಾವುದು ಸಾರು, ಯಾವುದು ಬಣ್ಣ ಎಂದು ತಿಳಿಯಬೇಕಾದರೆ ಮೂಸಿ ನೋಡಬೇಕು. ಒಂದು ದಿನ ಬಿಸಿಲಿನಲ್ಲಿ ದಣಿದು ಬಂದ ನಾನು ಮೂಸುವಷ್ಟು ತಾಳ್ಮೆಯಿಲ್ಲದೆ ಒಂದು ಚೊಂಬನ್ನು ಗಟಗಟ ಎತ್ತಿಬಿಟ್ಟೆ.

ಅತ್ತೆ ಎದೆ ಬಡಿದುಕೊಂಡಳು. "ಅಯ್ಯಯ್ಯೋ! ನವಿಲಿನ ಕುತ್ತಿಗಿ ಕುಡದುಬಿಟ್ಯಲ್ಲೋ ತಮ್ಮಾ!"

ಬಸಳೆ ಹಣ್ಣಿನ ರಸ. ತುಟಿ, ನಾಲಿಗೆ, ಹಲ್ಲು ಎಲ್ಲಾ ನೇರಳೆ. ಅದೇ ಬಾಯಿ ಹೊತ್ತುಕೊಂಡು ಕೊಪ್ಪಳದ ಸ್ಟೇಷನ್ನಿಗೆ ಹೋದೆ. ಹಮಾಲರ ಮುಖಂಡ ನನ್ನನ್ನು ನೋಡಿ ಅಂಡಿಗೆಯನ್ನೇ ಕೆಳಗಿಳಿಸಿದ. "ಏನ್ರಿ ಬಂಡಿ ಗೌಡ್ರ, ಸಾಲಿ ಬಿಟ್ಟಿದ್ದಕ್ಕ ಈಗ ಶಾಯಿ ಕುಡದು ಶಾಣ್ಯಾ ಆಗಾಕ ಹೊಂಟೀರೇನು?" ನಾಲ್ಕು ದಿನ ನಾನು ಬಾಯಿ ತೆರೆಯಲಿಲ್ಲ. ಮರ್ಯಾದೆಯ ಪ್ರಶ್ನೆ!

ಇನ್ನು ಕುಂಚ. ನನ್ನ ಬಿಳಿ ಎತ್ತು ನೊಣ ಹೊಡೆಯಲಾರದೆ ಒದೆಯತೊಡಗಿದಾಗ ಬಾಲ ನೋಡಿದೆ. ತುದಿಯಲ್ಲಿ ನಾಲ್ಕು ಕೂದಲು ಉಳಿದಿದ್ದವು.

"ಅತ್ತೀ, ಎತ್ತಿನ ಬಾಲ ಎಲ್ಲಿ?"

"ಎಲ್ಲಿ ಹೋಗತೈತಿ? ಗ್ವಾಡಿ ಮ್ಯಾಲಿನ ನವಿಲು ನೋಡು, ಗೆರಿ ಎಷ್ಟು ನಯಾ ಬಂದಾವ."

ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದೆಂಬುದು ನಮ್ಮ ಕಡೆಯ ಪದ್ಧತಿ. ಬಸವಣ್ಣನ ವಾರ. ಎತ್ತಿಗೆ ಬಿಡುವೆಂದರೆ ನನಗೂ ಬಿಡುವು. ಓಣಿಯ ಮಕ್ಕಳೆಲ್ಲ ಅಂದು ನಮ್ಮ ಪಡಸಾಲೆಯಲ್ಲಿ. ಒಬ್ಬಳು ಹುಣಸೆಬೀಜದ ಅಂಟು ಕಲಸುವಳು, ಒಬ್ಬ ಕಾಗದ ಮಡಚುವನು, ನಡುವೆ ಅತ್ತೆ. ನಾನು ಕಂಬಕ್ಕೆ ಒರಗಿ ಹಗ್ಗ ಹೊಸೆಯುತ್ತ ಒಂದು ದಿನ ಅಂದೆ: "ಕಾಗದ ಕತ್ತರಸೋದೂ ಒಂದು ಕೆಲಸ ಏನತ್ತಿ? ಇಷ್ಟು ಹೊತ್ತಿಗೆ ನಾ ಒಂದು ಬಂಡಿ ಹೇರತಿದ್ದೆ."

"ಹೌದಾ? ಹಂಗಾರ ಒಂದು ಗಿಣಿ ಮಾಡು ಬಾ."

ಮಕ್ಕಳು ಚಪ್ಪಾಳೆ ತಟ್ಟಿದವು. ಹಿಂದೆ ಸರಿಯುವುದು ಹೇಗೆ? ಕತ್ತರಿ ಹಿಡಿದೆ. ನನ್ನ ಹೆಬ್ಬೆರಳು ಅದರ ಕಣ್ಣಿನಲ್ಲಿ ಸಿಕ್ಕಿಬಿತ್ತು. ಅದನ್ನು ಬಿಡಿಸಿಕೊಂಡು, ಬೆವರಿ, ಮಡಚಿ, ಕತ್ತರಿಸಿ, ಕೊನೆಗೊಂದು ವಸ್ತುವನ್ನು ಅತ್ತೆಯ ಮುಂದಿಟ್ಟೆ. ಅವಳು ತಿರುವಿ ಮುರುವಿ ನೋಡಿದಳು.

"ಕೆರ ಛಲೋ ಬಂದೈತಿ. ಇನ್ನೊಂದು ಕಾಲಿಂದೂ ಮಾಡು."

ಆ ಮೇಲೆ ಎಷ್ಟು ವರ್ಷ ನಾನು ಗಿಣಿ ಮಾಡಲು ಕುಳಿತರೂ ಕಾಲಿಗೆ ಮೆಟ್ಟುವ ಕೆರವೇ ಆಯಿತು. ಓಣಿಗೆಲ್ಲ ಅದು ಗೊತ್ತಿತ್ತು.

ಇಂಥದೇ ಒಂದು ಸೋಮವಾರ, ಐದು ವರ್ಷದ ನನ್ನ ತಂಗಿ ಅತ್ತೆಯ ತೊಡೆಯ ಮೇಲೆ ಕುಳಿತು, "ಅತ್ತೀ, ನನ್ನ ಲಗ್ನದಾಗ ಬಾಸಿಂಗ ನೀನ ಮಾಡಬೇಕು. ಗಿಣಿ ಇರಬೇಕು" ಎಂದಳು. ಬಾಸಿಂಗವೆಂದರೆ ಮದುಮಕ್ಕಳ ಹಣೆಗೆ ಕಟ್ಟುವ, ಕಾಗದ, ಹೊಳೆಯುವ ಬೇಗಡೆಗಳ ಆ ಶೃಂಗಾರ. "ಮಾಡ್ತೀನಿ ನನ್ನವ್ವಾ" ಎಂದು ಅತ್ತೆಯ ಬಾಯಿಂದ ಬಂದೇಬಿಟ್ಟಿತು. ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡವ್ವ, ಅಲ್ಲೇ ಅಕ್ಕಿ ಆರಿಸುತ್ತಿದ್ದಳು. ಅವಳ ಕೈ ನಿಂತಿತು. ಗಂಡ ಸತ್ತವಳು ಬಾಸಿಂಗ ಮುಟ್ಟುವುದುಂಟೆ? ಅತ್ತೆ ತಲೆ ತಗ್ಗಿಸಿ ಕತ್ತರಿ ಆಡಿಸಿದಳು. ಆದರೆ ಮಾತು ಮಾತೇ. ಹುಡುಗಿ ಮರೆಯಲಿಲ್ಲ. ಕೊಟ್ಟವಳು ಮರೆಯುವಳೆ?

ತಂಗಿಗೆ ಕುಷ್ಟಗಿಯ ವರ ಗೊತ್ತಾದದ್ದು ಯುದ್ಧದ ಕಾಲದಲ್ಲಿ. ಸೀಮೆಎಣ್ಣೆ ಇಲ್ಲ, ಬಟ್ಟೆ ಇಲ್ಲ, ಕಾಗದವಂತೂ ಕಣ್ಣಿಗೇ ಇಲ್ಲ. ಬಾಸಿಂಗಕ್ಕೆಂದು ಕೊಪ್ಪಳದ ಪೇಟೆ ಸುತ್ತಿದೆ. "ಬೇಗಡಿ ಬರೂದು ನಿಂತು ವರ್ಷಾತ್ರಿ" ಎಂದರು. ಗಂಗಾವತಿಗೆ ಭತ್ತ ತರಲು ಹೋದಾಗ ಅಲ್ಲಿಯೂ ಕೇಳಿದೆ. ಅದೇ ಮಾತು. ಬರಿಗೈಯಲ್ಲಿ ಬಂದೆ.

"ಬಾಸಿಂಗ ಇಲ್ಲದ ಲಗ್ನ ಎಲ್ಲ್ಯರ ಆಗೇತೇನು? ಬೀಗರ ಮುಂದ ಮಾರಿ ಹ್ಯಾಂಗ ತೋರಸೂದು?" ಎಂದು ದೊಡ್ಡವ್ವ ತಲೆಯ ಮೇಲೆ ಕೈ ಹೊತ್ತಳು.

ಅತ್ತೆ ಟ್ರಂಕು ತೆರೆದಳು. ಒಳಗೆ ಮಡಿಕೆ ಮಡಿಕೆಯಾಗಿ ಬೆಳ್ಳಿಕಾಗದ! ಚಹಾ ಪೊಟ್ಟಣದವು, ಸಿಗರೇಟು ಪೆಟ್ಟಿಗೆಯವು. ಹನ್ನೆರಡು ವರ್ಷ ಕೊಪ್ಪಳದ ಪ್ಲಾಟ್‌ಫಾರ್ಮಿನಲ್ಲಿ, ಸಾಹೇಬರು ಎಸೆದ ಪೆಟ್ಟಿಗೆಗಳನ್ನು, ಹಮಾಲರು ನೋಡದ ಹಾಗೆ ಬಗ್ಗಿ ಬಗ್ಗಿ ಆರಿಸಿ ತಂದವನು ಯಾರು? ಈ ಮಾನವಂತನೇ! "ತಮ್ಮಾ, ಬರೂ ಮುಂದ ನಾಕು ಬೆಳ್ಳಿಕಾಗದ" ಎಂದು ಪ್ರತಿ ಸಲವೂ ಅವಳು ಹೇಳುತ್ತಿದ್ದುದು ಯಾತಕ್ಕೆಂದು ನನಗೆ ಅಂದು ತಿಳಿಯಿತು.

ದೊಡ್ಡವ್ವನ ಕಣ್ಣು ಹಿಗ್ಗಿತು, ಮರುಕ್ಷಣ ಕುಗ್ಗಿತು. "ಕಾಗದ ಐತಿ ಖರೆ. ಆದ್ರ ಮಾಡಾವರು ಯಾರು? ನಿನ್ನ ಕೈ ಹತ್ತಬಾರದವ್ವಾ. ನಾಳೆ ಹುಡುಗಿಗೆ ಏನರ ಆದ್ರ?"

ಆ ಮಾತು ಕೇಳಿ ನಾನು ಎದ್ದು ಬಾಯಿ ತೆರೆದೆ. ಅತ್ತೆ ನನ್ನ ತೋಳು ಒತ್ತಿ ಹಿಡಿದಳು. "ನಾ ಮುಟ್ಟಂಗಿಲ್ಲಕ್ಕಾ. ಕೈ ಬ್ಯಾಡಂದ್ರ ಬಾಯಿ ಐತಲ್ಲ? ನಾ ಹೇಳ್ತೀನಿ, ಇಂವ ಮಾಡ್ತಾನ."

"ಯಾರು?" ಎಂದೆ ನಾನು.

"ನೀನ. ಅಣ್ಣ ಮಾಡಿದ ಬಾಸಿಂಗ ಯಾರು ಬ್ಯಾಡಂತಾರ?"

ತಂಗಿ ನನ್ನ ಕೈ ನೋಡಿ ಅಳುವುದಕ್ಕೆ ಶುರುಮಾಡಿದಳು. "ಅಣ್ಣಾ, ನನ್ನ ಹಣಿ ಮ್ಯಾಲ ಕೆರ ಕಟಗೊಂಡು ಕುಂಡ್ರಲೇನು?"

ಮುಂದಿನ ಸೋಮವಾರ ಊಟವಾದ ಮೇಲೆ ನಡುಮನೆಯಲ್ಲಿ ಕುಳಿತೆವು. ಅತ್ತೆ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಹೊರಗೆ ಹೊಸ್ತಿಲಿಗೆ ಕಾವಲಾಗಿ ದೊಡ್ಡವ್ವ, ಶೇಂಗಾ ಸುಲಿಯುತ್ತ.

"ಹಗ್ಗ ಜಗ್ಗಿದಂಗ ಜಗ್ಗಬ್ಯಾಡ. ಎತ್ತಲ್ಲ ಅದು, ಕಾಗದ... ಹಾಂ, ಅಂಟು ಸ್ವಲ್ಪ... ಸ್ವಲ್ಪಂದ್ರ ಗೊತ್ತಿಲ್ಲೇನೋ? ಗಾಲಿಗೆ ಕೀಲೆಣ್ಣಿ ಬಡಿದಂಗ ಬಡೀತಿಯಲ್ಲ!"

ಸೆರಗಿನೊಳಗೆ ಅವಳ ಬೆರಳುಗಳು ತಾವೇ ಮಡಚುತ್ತಿದ್ದವು, ತಾವೇ ಕತ್ತರಿಸುತ್ತಿದ್ದವು. ನನ್ನ ಕೈ ತಪ್ಪಿದಲ್ಲೆಲ್ಲ ಸೆರಗು ಕುಪ್ಪಳಿಸುತ್ತಿತ್ತು. ಹೇಗೋ ದಪ್ಪ ಕಾಗದದ ಹಲಗೆಗಳು ಆದವು, ಬೆಳ್ಳಿಕಾಗದ ಕೂತಿತು. ಉಳಿದದ್ದು ಗಿಣಿ. ಒಂದೊಂದು ಬಾಸಿಂಗಕ್ಕೆ ಎರಡು. ನಾನು ಒಂದು ಮಾಡಿದೆ. ಇಬ್ಬರೂ ಅದನ್ನು ನೋಡಿದೆವು. ಅತ್ತೆ ನಗಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು.

ಬಣ್ಣದ ಬಟ್ಟಲಲ್ಲಿ ಹಸಿರು ತಿಳಿಯಾಗಿ ನಿಂತಿತ್ತು. ಅದನ್ನೇ ನೋಡುತ್ತ ಮೆಲ್ಲಗೆ ಹೇಳಿದಳು:

"ನನ್ನ ಲಗ್ನದಾಗ ನಾ ಏಳು ವರ್ಷದಾಕಿ. ಗಂಡನ ಮಾರಿ ನೆನಪಿಲ್ಲೋ ತಮ್ಮಾ. ಬಾಸಿಂಗ ನೆನಪೈತಿ. ಎರಡು ಗಿಣಿ ಇದ್ದುವು. ಜಗಲಿ ಮ್ಯಾಲ ಕಟ್ಟಿದ್ರು, ದಿನಾ ನೋಡ್ತಿದ್ನಿ. ಮರು ವರ್ಷ ಅಂವ ಸತ್ತ ಸುದ್ದಿ ಬಂತು. ಅವತ್ತ ಅದನ್ನ ಕಿತ್ತು ಬಾವಿಗೆ ಒಗದ್ರು. ನಾ ಬಗ್ಗಿ ನೋಡಿದ್ನಿ. ಹಸರು, ಕೆಂಪು ಎಲ್ಲಾ ನೀರಾಗ ಬಿಟಗೊಂಡು ಹ್ಯಾಂಗ ಹರಡಿತ್ತು ಗೊತ್ತೇನು? ಎಷ್ಟು ಛಂದ ಐತಿ ಅಂದ್ನಿ. ಅವ್ವ ಕಪಾಳಕ್ಕ ಕೊಟ್ಟಳು ನೋಡು ಒಂದು!" ಈಗ ನಕ್ಕಳು. "ಅವತ್ತಿಂದ ಆ ಗಿಣಿ ಮಾಡಾಕ ಹತ್ತೀನಿ. ಇನ್ನೂ ಅಂಥಾವು ಬಂದಿಲ್ಲ."

ನಾನು ಎದ್ದೆ. ಕತ್ತರಿ, ಕುಂಚ, ಕಾಗದ ಎಲ್ಲವನ್ನೂ ಅವಳ ಮುಂದೆ ಸರಿಸಿದೆ. ಹೊರಗೆ ಬಂದು ಬಾಗಿಲು ಎಳೆದು ಚಿಲಕ ಹಾಕಿ ಹೊಸ್ತಿಲ ಮೇಲೆ ಕುಳಿತೆ.

"ಯಾಕೋ, ಮುಗೀತೇನು?" ಎಂದಳು ದೊಡ್ಡವ್ವ.

"ಬಣ್ಣ ಆರಾಕ ಇಟ್ಟೀನಿ."

"ಅಕಿ ಎಲ್ಲಿ?"

"ಮಲಗ್ಯಾಳ."

ಒಳಗಿನಿಂದ ಕತ್ತರಿಯ ಸದ್ದು ಕೇಳಿಸಿತು. ಕಚ್, ಕಚ್, ಕಚ್. ದೊಡ್ಡವ್ವನ ಕಿವಿ ಏನೂ ಮಂದವಲ್ಲ. ನನ್ನ ಮುಖ ನೋಡಿದಳು. ಆಮೇಲೆ ಶೇಂಗಾದ ಮೊರವನ್ನು ಹತ್ತಿರ ಎಳೆದುಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಸಪ್ಪಳ ಮಾಡಿ ಸುಲಿಯತೊಡಗಿದಳು.

ಲಗ್ನದ ದಿನ ಬಾಸಿಂಗ ಕಟ್ಟಿದವಳು ದೊಡ್ಡವ್ವನೇ. ಕಟ್ಟುವ ಮೊದಲು ಗಿಣಿಗಳನ್ನು ನೋಡಿದಳು. ಕೊಕ್ಕಿನಲ್ಲಿ ಕೆಂಪು, ರೆಕ್ಕೆಯಲ್ಲಿ ಒಂದೊಂದು ಗರಿ ಬೇರೆ ಬೇರೆ. ನನ್ನ ಗಿಣಿ ಎಂಥದೆಂದು ಬಲ್ಲ ಓಣಿಯ ಹೆಂಗಸರೆಲ್ಲ ಅಲ್ಲೇ ಇದ್ದರು. ಕುಷ್ಟಗಿಯ ಬೀಗತಿ ಕೇಳಿದಳು: "ಯಾರು ಮಾಡ್ಯಾರ್ರಿ ಇದನ್ನ? ಇಂಥಾದ್ದು ನಾವು ನೋಡೇ ಇಲ್ಲ."

"ನಮ್ಮ ಹುಡುಗ ಮಾಡ್ಯಾನ್ರಿ. ಬಂಡಿ ಹೊಡಿಯಾಂವ" ಎಂದಳು ದೊಡ್ಡವ್ವ, ಅಡುಗೆಮನೆಯ ಬಾಗಿಲಿಗೂ ಕೇಳುವಷ್ಟು ಗಟ್ಟಿಯಾಗಿ. ಓಣಿಯ ಒಂದು ಹೆಂಗಸಿನ ಬಾಯಿಂದಲೂ ಚಕಾರ ಬರಲಿಲ್ಲ. ಬಾಗಿಲ ಹಿಂದೆ ಸೆರಗಿನಲ್ಲಿ ಸುತ್ತಿದ ಎರಡು ಕೈ ಮಾತ್ರ ಕಾಣುತ್ತಿದ್ದವು.

ಶಹಬ್ಬಾಸ್ ಎಂದು ಎಲ್ಲರೂ ನನ್ನ ಬೆನ್ನು ತಟ್ಟಿದರು. ನಾನು ಬೆನ್ನು ಕೊಟ್ಟು ನಿಂತೆ. ಅದು ನಾನು ಮಾಡದ ಕೆಲಸಕ್ಕೆ ಹೊತ್ತ ಮೊದಲ ಹೊಗಳಿಕೆ. ಮೊದಲನೆಯದು, ಆದರೆ ಕೊನೆಯದಲ್ಲ! ಬಾಸಿಂಗ ಕೇಳಿಕೊಂಡು ಹಿಟ್ನಾಳದಿಂದ ಬಂದರು, ನವಲಿಯಿಂದ ಬಂದರು. "ಬಂಡಿಯವರ ಬಾಸಿಂಗ" ಎಂದು ಹೆಸರಾಯಿತು. ಪ್ರತಿ ಸೋಮವಾರ ನಾನು ಹೊರಗೆ ಹೊಸ್ತಿಲ ಮೇಲೆ ಹಗ್ಗ ಹೊಸೆಯುತ್ತಿದ್ದೆ, ಒಳಗೆ ನನ್ನ ಕೈಗುಣ ಕೆಲಸ ಮಾಡುತ್ತಿತ್ತು. ದೊಡ್ಡವ್ವ ತಪ್ಪದೆ ಶೇಂಗಾ ತರುತ್ತಿದ್ದಳು.

ಐದು ವರ್ಷ ಹೀಗೆ ನಡೆಯಿತು. ಆಮೇಲೆ ಒಂದು ಚಳಿಗಾಲ ಅತ್ತೆ ಕೆಮ್ಮಿ ಕೆಮ್ಮಿ ಹೋದಳು.

ಅದಾದ ಮೊದಲ ಸೋಮವಾರ ಯಾರೋ ಬಾಸಿಂಗ ಕೇಳಿಕೊಂಡು ಬಂದರು. ಇನ್ನು ಮಾಡುವುದಿಲ್ಲವೆಂದು ಹೇಳಿ ಕಳಿಸಿದೆ. ನಡುಮನೆಗೆ ಹೋಗಿ ಟ್ರಂಕು ತೆರೆದು, ಒಂದು ಹಾಳೆ ತೆಗೆದುಕೊಂಡು ಗಿಣಿ ಮಾಡಲು ಕುಳಿತೆ. ಹೆಬ್ಬೆರಳು ಕತ್ತರಿಯ ಕಣ್ಣಿನಲ್ಲಿ ಸಿಕ್ಕಿತು, ಬಿಡಿಸಿಕೊಂಡೆ. ಮಡಚಿದೆ, ಕತ್ತರಿಸಿದೆ, ಕೆಳಗಿಟ್ಟು ನೋಡಿದೆ.

ಕೆರ.

ಅತ್ತೆಯ ಮಾತಿಗೆ ಸ್ವಲ್ಪ ಹೊತ್ತು ಕಾದೆ. ಇನ್ನೊಂದು ಕಾಲಿನದನ್ನೂ ನಾನೇ ಮಾಡಿ, ಟ್ರಂಕಿನ ಮುಂದೆ ಜೋಡಿಸಿ ಇಟ್ಟೆ.