ಎಂಟನೇ ಮಹಡಿಯ ಬೆಳ್ಳಿ ಕಿಟಕಿ

ಅಡೆಲಿನೊ ಫುರ್ಟಾಡೊ ಬೇಕರಿಯಿಂದ ಮನೆಗೆ ತಂದ ಅಲ್ಯೂಮಿನಿಯಂ ಹಾಳೆಯ ಸುರುಳಿಯೊಂದೇ ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ. ಕದ್ದದ್ದಲ್ಲ, ಮಾಲೀಕನನ್ನು ಕೇಳಿಯೇ ತಂದದ್ದು. "ಯಾತಕ್ಕಯ್ಯಾ ಇದು?" ಎಂದು ಅವನು ಕೇಳಿದಾಗ ಅಡೆಲಿನೊ, "ನಿದ್ದೆ ಮಾಡೋಕೆ ಸಾರ್" ಎಂದಿದ್ದ. ಮಾಲೀಕ ಅವನ ಕೆಂಪು ಕಣ್ಣು ನೋಡಿ ಸುರುಳಿ ಕೊಟ್ಟುಬಿಟ್ಟಿದ್ದ.

ರಾತ್ರಿಯಿಡೀ ಒಲೆಯ ಮುಂದೆ ಬೇಯುವವನು ಹಗಲಲ್ಲಿ ಮಲಗಬೇಕು. ಮಲಗುವುದಾದರೂ ಹೇಗೆ? ಟೊರಾಂಟೊದ ಆ ಹೊಸ ಬಾಡಿಗೆ ಗೋಪುರ ನೆಲದಿಂದ ನೆತ್ತಿಯ ತನಕ ಬರೀ ಗಾಜು. ಬೀದಿಯಲ್ಲಿ ನಿಂತವರಿಗೆ ಕಣ್ಣಿಗೆ ಹಬ್ಬ, ಒಳಗಿದ್ದವರಿಗೆ ಜೂನ್ ಬಂತೆಂದರೆ ಬೆಳ್ಳಂಬೆಳಗ್ಗೆಯೇ ಬೆವರಿನ ಸ್ನಾನ. ಕಟ್ಟಿಸಿದವರಿಗೆ ಖರ್ಚು ಉಳಿಯಬೇಕಿತ್ತು, ಅದಕ್ಕೇ ಗಾಜು ತೆಳು, ತಂಪಿನ ಯಂತ್ರ ಚಿಕ್ಕದು. ನೋಡುವವರಿಗೆ ಚಂದ ಕಾಣಬೇಕಿತ್ತು, ಅದಕ್ಕೇ ಗೋಡೆಯೇ ಇಲ್ಲ. ಸಾಲದ್ದಕ್ಕೆ 'ವಿದ್ಯುತ್ ಉಳಿಸುವ ಹಸಿರು ಕಟ್ಟಡ' ಎಂದು ಬಾಗಿಲಲ್ಲೊಂದು ಬೋರ್ಡು! ಹಸಿರು ಇದ್ದದ್ದು ಆ ಬೋರ್ಡಿನ ಬಣ್ಣದಲ್ಲಿ ಮಾತ್ರ. ಕಿಟಕಿಗೆ ಏನಾದರೂ ಅಡ್ಡ ಹಾಕಿಕೊಳ್ಳೋಣವೆಂದರೆ ಕಟ್ಟಡದ ನಿಯಮ ಬಿಡದು. ಬೀದಿಗೆ ಕಾಣುವಂತೆ ತೆಳ್ಳಗಿನ ಬಿಳಿ ಪರದೆ ಬಿಟ್ಟು ಬೇರೇನೂ ಕೂಡದಂತೆ.

ಹಿಂದಿನ ವಾರ ಅಡೆಲಿನೊ ಕಲಸಿಟ್ಟ ಹಿಟ್ಟಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆದು, ಒಂದು ಒಲೆಯಷ್ಟು ಬ್ರೆಡ್ಡನ್ನು ಇದ್ದಿಲು ಮಾಡಿದ್ದ. ಇನ್ನೊಂದು ಸಲ ಹಾಗಾದರೆ ಕೆಲಸ ಹೋದಂತೆಯೇ.

ಅದಕ್ಕೇ ಈ ಹಾಳೆ. ಆದರೆ ಒಳಗಿಂದ ಅಂಟಿಸಿದರೆ ಕಟ್ಟಡದ ಮ್ಯಾನೇಜರ್ ಕೊರಿನ್ ಹ್ಯಾಲೊರನ್ ತಪಾಸಣೆಗೆ ಬಂದಾಗ ಸಿಕ್ಕಿಬೀಳುವುದು ಖಂಡಿತ. ಬಾಲ್ಕನಿಗೆ ಹೋಗಿ ಹೊರಗಿಂದ ಅಂಟಿಸಿ, ಒಳಗೆ ಪರದೆ ಎಳೆದುಬಿಟ್ಟರೆ ಯಾರಿಗೂ ಕಾಣುವುದಿಲ್ಲ. ವಾರಗಟ್ಟಲೆ ನಿದ್ದೆಗೆಟ್ಟ ತಲೆಗೆ ಇದು ಮಹಾ ಬುದ್ಧಿವಂತಿಕೆಯಾಗಿ ತೋರಿತು. ಹೊರಗಡೆ ಇಡೀ ಊರೇ ಇದೆ ಎಂಬುದು ಪಾಪ, ಹೊಳೆಯಲೇ ಇಲ್ಲ. ಅಂಟಿಸಿ ಬಂದು ಹಾಸಿಗೆಗೆ ಬಿದ್ದ. ಕೋಣೆ ಕತ್ತಲಾಗಿ, ತಣ್ಣಗಾಗಿ, ಅಡೆಲಿನೊ ಮಗುವಿನ ಹಾಗೆ ನಿದ್ದೆಹೋದ.

ಒಂದು ಗಂಟೆಯೂ ಆಗಿರಲಿಲ್ಲ. ಬಾಗಿಲು ಮುರಿಯುವ ಹಾಗೆ ಬಡಿತ. ಪಕ್ಕದ ಮನೆಯ ವಿಧವೆ ಡೋರೀನ್ ಮಕ್‌ಫೀ ನಿಂತಿದ್ದಳು.

"ಏನಪ್ಪಾ ಅಡೆಲಿನೊ, ನಿನ್ನ ಕಿಟಕಿ ಫಳಫಳ ಅಂತಿದೆ! ಏನು ಮಾಡ್ಕೊಂಡಿದೀಯಾ?"

"ನಿದ್ದೆ ಮಾಡ್ಕೊಂಡಿದೀನಿ ಡೋರೀನಮ್ಮ. ಮಾಡ್ತಾ ಇದ್ದೆ."

"ಅಯ್ಯೋ ಎಷ್ಟು ತಂಪಾಗಿದೆಯೋ!" ಎನ್ನುತ್ತ ಅವಳು ಒಳಗೇ ನುಗ್ಗಿದಳು. "ನಮ್ಮನೇಲಿ ಬೆಣ್ಣೆ ಕರಗಿ ಮೇಜಿಂದ ಕೆಳಗೆ ಹರೀತಿದೆ. ಇರು, ಏಳನೇ ಮಹಡಿಯವರನ್ನೂ ಕರೀತೀನಿ, ನೋಡ್ಲಿ."

"ಬೇಡಮ್ಮ, ಕೈ ಮುಗೀತೀನಿ, ಗುಟ್ಟಾಗಿರ್ಲಿ!"

"ನಾನ್ಯಾಕಪ್ಪ ಯಾರಿಗಾದ್ರೂ ಹೇಳ್ಲಿ?" ಎಂದು ಡೋರೀನ್ ಅದನ್ನು ಹೇಳಲೆಂದೇ ಹೊರಟಳು.

ಅವಳಿಗೆ ಆ ಕಷ್ಟ ತಪ್ಪಿತು. ಅಷ್ಟರಲ್ಲಿ ಎದುರಿನ ಕಟ್ಟಡದ ಯಾರೋ ಪುಣ್ಯಾತ್ಮ, ಎಂಟನೇ ಮಹಡಿಯಲ್ಲಿ ಧಗಧಗ ಹೊಳೆಯುವುದನ್ನು ಕಂಡು, ಬೆಂಕಿ ಬಿದ್ದಿದೆಯೆಂದು ಫೋನು ಮಾಡಿದ್ದ. ಕಟ್ಟಡದ ಬೆಂಕಿ ಎಚ್ಚರಿಕೆಯ ಗಂಟೆ ಹೊಡೆದುಕೊಂಡಿತು. ಲಿಫ್ಟು ನಿಂತಿತು. ಮಹಡಿ ಮಹಡಿಗಳ ಜನರೆಲ್ಲ ಮಕ್ಕಳು, ಬೆಕ್ಕು, ಲ್ಯಾಪ್‌ಟಾಪುಗಳನ್ನು ಅವಚಿಕೊಂಡು ಮೆಟ್ಟಿಲಿಳಿದರು. ಅಡೆಲಿನೊ ಬನಿಯನ್, ಚಡ್ಡಿಯಲ್ಲೇ ಬೀದಿಗೆ ಬಂದು ನಿಂತ.

ಬೆಂಕಿ ಆರಿಸುವ ಗಾಡಿಯ ಹಿಂದೆಯೇ ಇನ್ನೊಂದು ವ್ಯಾನು ಬಂತು. ಕೊರಿನ್ ಮುಖ ಬಿಳಚಿತು. ಆ ವರ್ಷದ ಅತ್ಯುತ್ತಮ ಹಸಿರು ಕಟ್ಟಡವನ್ನು ಆರಿಸುವ ತೀರ್ಪುಗಾರರು ಅವತ್ತೇ ಬರುವುದಿತ್ತು. ಕಟ್ಟಡದ ನಕ್ಷೆ ಬರೆದ ಲೂಸಿಯನ್ ಹಾರ್ಗ್ರೇವ್ ಕೂಡ ಕಪ್ಪು ಕೋಟು ತೊಟ್ಟು ಅವರ ಜೊತೆ ಇಳಿದ.

"ರೀ ಫುರ್ಟಾಡೊ!" ಕೊರಿನ್ ಹಲ್ಲು ಕಡಿದಳು. "ಅದು ನಿಮ್ಮ ಕಿಟಕೀನೇ ತಾನೆ? ಅಡುಗೆಮನೆ ಹಾಳೇನ ಊರಿಗೆಲ್ಲ ಕಾಣೋ ಹಾಗೆ ಮೆತ್ತಿದೀರಲ್ಲ, ನಾಚಿಕೆ ಆಗಲ್ವಾ? ಸಂಜೆ ಒಳಗೆ ಮನೆ ಖಾಲಿ ಮಾಡೋ ನೋಟೀಸು ಕೊಡ್ತೀನಿ, ನೋಡ್ತಿರಿ!"

"ನಾಚಿಕೆ ನನಗಾ ಮೇಡಂ?" ಅಡೆಲಿನೊಗೆ ಮೈಯೆಲ್ಲ ಉರಿದುಹೋಯಿತು. "ನಮ್ಮ ಬೇಕರಿ ಒಲೆಗಾದ್ರೂ ಇಟ್ಟಿಗೆ ಗೋಡೆ ಇದೆ! ಬಾಡಿಗೆ ತಗೊಂಡು ಮನುಷ್ಯರನ್ನ ಬೇಯಿಸ್ತೀರಲ್ಲ, ನೀವು ಮೊದಲು ನಾಚ್ಕೊಳ್ಳಿ!"

ಜನ ಚಪ್ಪಾಳೆ ತಟ್ಟಿದರು. ಡೋರೀನ್ ಎಲ್ಲರಿಗಿಂತ ಜೋರಾಗಿ ತಟ್ಟಿದಳು.

ಅಷ್ಟರಲ್ಲಿ, ಗದ್ದಲದಲ್ಲಿ ಈ ಜಗಳ ಕಿವಿಗೆ ಬೀಳದ ತೀರ್ಪುಗಾರರ ಮುಖ್ಯಸ್ಥೆ ಶಾಖ ತೋರಿಸುವ ಕ್ಯಾಮೆರಾ ಎತ್ತಿ ಗೋಪುರದ ಕಡೆ ಹಿಡಿದಳು. ಕ್ಯಾಮೆರಾದ ಪರದೆಯ ಮೇಲೆ ಇಡೀ ಕಟ್ಟಡ ಕೆಂಡದ ಹಾಗೆ ಕೆಂಪಗೆ ಕಂಡಿತು. ನಡುವೆ ಒಂದೇ ಒಂದು ಚೌಕ ತಣ್ಣನೆಯ ನೀಲಿ.

"ಅದೇನದು? ಅದ್ಭುತ!" ಎಂದಳು.

ಲೂಸಿಯನ್ ಕಣ್ಣು ಮಿಟುಕಿಸುವಷ್ಟೂ ತಡ ಮಾಡಲಿಲ್ಲ. "ಅದು ನಮ್ಮ ಪ್ರಯೋಗ ಮೇಡಂ. ಬೆಳ್ಳಿ ಹೊದಿಕೆ. ಸದ್ಯಕ್ಕೆ ಒಂದೇ ಕಿಟಕಿಗೆ ಹಾಕಿ ನೋಡ್ತಾ ಇದೀವಿ. ನಮ್ಮ ಬಾಡಿಗೆದಾರರೂ ಸಹಕರಿಸ್ತಿದಾರೆ" ಎಂದು ಬನಿಯನ್ನಿನ ಅಡೆಲಿನೊನ ಹೆಗಲ ಮೇಲೆ ಕೈ ಹಾಕಿದ.

ಎಂಥ ಭಂಡತನ! ಅಡೆಲಿನೊ ಬಾಯಿ ತೆರೆದ. ಆದರೆ ಕೊರಿನ್ ಅವನ ಕಿವಿಯಲ್ಲಿ, "ಸುಮ್ನಿರಿ ಮಾರಾಯ್ರೆ, ನೋಟೀಸು ಇಲ್ಲ, ಏನೂ ಇಲ್ಲ. ಎಲ್ಲಾ ಮನೆಗೂ ಇಂಥದ್ದೇ ಹಾಕಿಸ್ತಾರೆ" ಎಂದಳು. ಅಡೆಲಿನೊ ಕೋಪ ನುಂಗಿಕೊಂಡ. ಹೆಸರು ಯಾರಿಗಾದರೂ ಹೋಗಲಿ, ನಿದ್ದೆ ತನಗೆ ಬಂದರೆ ಸಾಕು.

ಬೀದಿಯಲ್ಲೇ ತೀರ್ಮಾನವಾಯಿತು. ಎಲ್ಲ ಕಿಟಕಿಗಳಿಗೂ ಹೊರಗಿನಿಂದ ಬೆಳ್ಳಿ ತಗಡು. ತೆರೆದು ಮುಚ್ಚುವ ತಗಡಿಗೆ ಖರ್ಚು ಜಾಸ್ತಿ, ಆದ್ದರಿಂದ ಅಲುಗಾಡದಂತೆ ಬಿಗಿದುಬಿಡುವುದು. ಮುಖ್ಯಸ್ಥೆ ಪ್ರಶಸ್ತಿ ಇವರಿಗೇ ಎಂಬಂತೆ ನಕ್ಕಳು. ಜನ ಅಡೆಲಿನೊನನ್ನು ಎತ್ತಿಕೊಳ್ಳುವುದೊಂದು ಬಾಕಿ.

ಆಗ ಲೂಸಿಯನ್ ನಾಲ್ಕು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿದ.

"ಪೂರ್ತಿ ಮುಚ್ಚಿದ್ರೆ ಬಿಸ್ಕತ್ತಿನ ಡಬ್ಬದ ಥರ ಕಾಣುತ್ತೆ. ಕಣ್ಣಿಗೆ ನಿಲ್ಲೋಕೊಂದು ಜಾಗ ಬೇಕು. ನಟ್ಟನಡುವೆ ಒಂದೇ ಒಂದು ಕಿಟಕಿ ಬರೀ ಗಾಜಾಗಿರ್ಲಿ. ಎಲ್ಲರ ಕಣ್ಣೂ ಮೊದಲು ಹೋಗೋದು ಅಲ್ಲಿಗೇ ನೋಡಿ." ಅವನ ಬೆರಳು ಎಂಟನೇ ಮಹಡಿಯ ಆ ಹೊಳೆಯುವ ಕಿಟಕಿಯ ಮೇಲೆ ನಿಂತಿತು.

"ಅದು ನನ್ನ ಮನೆ!" ಅಡೆಲಿನೊ ಕಿರುಚಿದ. "ಶುರು ಮಾಡಿದ್ದೇ ನಾನು ಕಣ್ರೀ!"

"ಅದಕ್ಕೇ ಆ ಗೌರವ ನಿಮಗೇ ಸಲ್ಲಬೇಕು" ಎಂದ ಲೂಸಿಯನ್, ತೀರಾ ವಿನಯದಿಂದ. "ಒಂದು ತಗಡಿನ ಖರ್ಚೂ ಉಳೀತು" ಎಂದಳು ಕೊರಿನ್. ಸಂಜೆಯೊಳಗೆ ಇಬ್ಬರು ಆಳುಗಳು ಬಂದು ಹಾಳೆಯನ್ನು ಕಿತ್ತು, ಗಾಜನ್ನು ತಿಕ್ಕಿ ತೊಳೆದು ಹೋದರು. ಅದು ಹಿಂದೆಂದಿಗಿಂತ ಚೆನ್ನಾಗಿ ಹೊಳೆಯಿತು.

ತಗಡುಗಳು ಬಂದವು, ಪ್ರಶಸ್ತಿಯೂ ಬಂತು. ಬಾಡಿಗೆದಾರರೆಲ್ಲ ತಂಪಾಗಿ ನಿದ್ದೆ ಮಾಡಿದರು. ಅಡೆಲಿನೊ ಮಾತ್ರ ಒದ್ದೆ ಟವೆಲು ಮುಖಕ್ಕೆ ಹೊದ್ದು ಬೇಸಿಗೆ ಕಳೆದ. ಚಳಿಗಾಲ ಬರಲಿ, ಆಗ ಈ ಬಿಸಿಲೇ ನನ್ನನ್ನು ಬೆಚ್ಚಗಿಡುತ್ತದೆ, ಹೊಟ್ಟೆ ಉರಿದುಕೊಳ್ಳುವ ಸರದಿ ಅವರದು ಎಂದು ಸಮಾಧಾನ ಮಾಡಿಕೊಂಡ.

ನವೆಂಬರಿನ ಒಂದು ಬೆಳಗ್ಗೆ ಕೆಲಸ ಮುಗಿಸಿ ಬಂದು, ಎಳೆ ಬಿಸಿಲಲ್ಲಿ ಹಾಯಾಗಿ ಮೈಚಾಚಿದ. ಕಣ್ಣು ಇನ್ನೇನು ಮುಚ್ಚಬೇಕು, ಬಾಗಿಲು ಬಡಿದ ಸದ್ದು. ಡೋರೀನ್ ಉಲ್ಲನ್ ಟೋಪಿ ಹಾಕಿಕೊಂಡು, ಮಡಚುವ ಕುರ್ಚಿ ಹಿಡಿದು ನಿಂತಿದ್ದಳು. ಅವಳ ಹಿಂದೆ ಏಳನೇ ಮಹಡಿಯವರು, ಅವರ ಹಿಂದೆ ಹತ್ತನೆಯವರು. ಎಲ್ಲರ ಕೈಯಲ್ಲೂ ಒಂದೊಂದು ಕುರ್ಚಿ.

"ನಮ್ಮನೆಗಳೆಲ್ಲ ಗವಿ ಆಗೋಗಿವೆ ಕಣಪ್ಪಾ" ಎಂದಳು ಡೋರೀನ್, ಅವನನ್ನು ಪಕ್ಕಕ್ಕೆ ಸರಿಸಿ ಒಳಗೆ ಬರುತ್ತ. "ಇಡೀ ಕಟ್ಟಡದಲ್ಲಿ ಬಿಸಿಲು ಬರೋದು ನಿನ್ನ ಮನೆಗೊಂದೇ. ನೀನು ಮಲ್ಕೋ, ನಿನಗೇನೂ ತೊಂದರೆ ಕೊಡಲ್ಲ. ಸ್ವಲ್ಪ ಆ ಮಂಚ ಗೋಡೆ ಕಡೆ ಎಳೀತೀಯಾ?"